ಅಧ್ಯಾಪಕರ ಸ್ವಂತ ಪಠ್ಯಪುಸ್ತಕಗಳ ಕಡ್ಡಾಯ ಖರೀದಿ

ಅಧ್ಯಾಪಕರು ತಾವೇ ಬರೆದ ಅಥವಾ ಸಂಪಾದಿಸಿದ ಪುಸ್ತಕವನ್ನು ತಮ್ಮ ತರಗತಿಯ ವಿದ್ಯಾರ್ಥಿಗಳು ಕೊಳ್ಳಬೇಕೆಂದು ನಿಗದಿಪಡಿಸುವ ರೂಢಿಯು ಉನ್ನತ ಶಿಕ್ಷಣದಲ್ಲಿ ಹಿತಾಸಕ್ತಿ ಸಂಘರ್ಷದ ವಿಷಯವಾಗಿ ಚರ್ಚಿತವಾಗಿದೆ. ಪಾಠ ಹೇಳುವವರೇ ಬರೆದ ಪುಸ್ತಕ ಆ ತರಗತಿಗೆ ಎಲ್ಲಕ್ಕಿಂತ ಹೆಚ್ಚು ಒಪ್ಪುವಂತಿರಬಹುದು. ಆದರೆ ಪುಸ್ತಕವನ್ನು ಆರಿಸುವವರು, ಅಂಕ ನೀಡುವವರು ಮತ್ತು ಮಾರಾಟದಿಂದ ಗೌರವಧನ ಪಡೆಯುವವರು ಒಬ್ಬರೇ ಆದಾಗ, ಬೇಡವೆನ್ನುವ ಧೈರ್ಯ ವಿದ್ಯಾರ್ಥಿಗೆ ಇರುವುದಿಲ್ಲ.

ಕರ್ನಾಟಕದಲ್ಲಿ

ಗದಗ-ಬೆಟಗೇರಿಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರುತ್ತವೆ. ಪಠ್ಯಕ್ರಮವನ್ನು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಗಳು ರೂಪಿಸುತ್ತವೆ. ಸೆಮಿಸ್ಟರ್ ಪರೀಕ್ಷೆಯನ್ನೂ ವಿಶ್ವವಿದ್ಯಾಲಯವೇ ನಡೆಸುತ್ತದೆ. ಆದ್ದರಿಂದ ಕಾಲೇಜಿನ ಒಬ್ಬ ಅಧ್ಯಾಪಕರು ಇಂಥದೇ ಪುಸ್ತಕ ಬೇಕೆಂದು ವಿಧಿಸುವ ಅಧಿಕಾರ, ತಮ್ಮ ತರಗತಿಯ ಪಠ್ಯವನ್ನು ತಾವೇ ಗೊತ್ತುಮಾಡುವ ಅಮೆರಿಕದ ಪ್ರಾಧ್ಯಾಪಕರಿಗಿರುವಷ್ಟು ಇಲ್ಲ. ಒತ್ತಡಕ್ಕೆ ಎಡೆಯಿರುವುದು ಆಂತರಿಕ ಮೌಲ್ಯಮಾಪನದಲ್ಲಿ. 2021-22ರಿಂದ ಜಾರಿಗೆ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯ ಮಾದರಿ ಪಠ್ಯಕ್ರಮದಲ್ಲಿ ನೂರಕ್ಕೆ 40 ಅಂಕಗಳು ಇದಕ್ಕೆ ಮೀಸಲಾಗಿದ್ದವು.

ಅಧ್ಯಾಪಕರು ಪುಸ್ತಕ ಬರೆಯುವುದಕ್ಕೆ ಗೌರವಧನವೊಂದೇ ಕಾರಣವಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯು ರಾಷ್ಟ್ರೀಯ ಪ್ರಕಾಶಕರಿಂದ ಪ್ರಕಟವಾದ ಪುಸ್ತಕಕ್ಕೆ 10, ಅಂತರರಾಷ್ಟ್ರೀಯ ಪ್ರಕಾಶಕರಿಂದ ಪ್ರಕಟವಾದುದಕ್ಕೆ 12 ಅಂಕಗಳನ್ನು ಲೇಖಕರಿಗೆ ನೀಡುತ್ತದೆ. ಗದಗಿನಲ್ಲಿ ಮುದ್ರಣ ಮತ್ತು ಪ್ರಕಾಶನದ ಪರಂಪರೆಯೂ ಇದೆ. 1976ರಲ್ಲಿ ಸಾರಿಗೆ ಉದ್ಯಮಕ್ಕೆ ಇಳಿದ ವಿಜಯ ಸಂಕೇಶ್ವರರ ಮನೆತನದ ಉದ್ಯೋಗ ಅದೇ ಆಗಿತ್ತು. ಹತ್ತಿರದಲ್ಲೇ ಅಚ್ಚುಕೂಟವಿರುವ ಊರಿನಲ್ಲಿ ಪಠ್ಯಪುಸ್ತಕ ಹೊರತರುವುದು ಕಷ್ಟದ ಮಾತಲ್ಲ.

ವಿದ್ಯಾರ್ಥಿಯ ಮೇಲಿನ ಹೊರೆ ಹೆಚ್ಚುವುದು ಪಠ್ಯಕ್ರಮ ಬದಲಾದಾಗ. ರಾಜ್ಯವು 2024-25ರಲ್ಲಿ ಮೂರು ವರ್ಷಗಳ ಪದವಿಗೆ ಮರಳಿ ಪಠ್ಯಕ್ರಮವನ್ನು ಪರಿಷ್ಕರಿಸಿತು. ಪಠ್ಯ ಬದಲಾದರೆ ಹಿರಿಯ ವಿದ್ಯಾರ್ಥಿಗಳಿಂದ ಅರ್ಧ ಬೆಲೆಗೆ ದೊರೆಯುವ ಪುಸ್ತಕಗಳು ಉಪಯೋಗಕ್ಕೆ ಬಾರವು. ನೇಕಾರಿಕೆಗೆ ಹೆಸರಾದ ಬೆಟಗೇರಿಯಂಥ ಊರಿನಲ್ಲಿ, ಮನೆಯಿಂದ ಮೊದಲ ಬಾರಿಗೆ ಕಾಲೇಜಿಗೆ ಬಂದವರಿಗೆ ಇದು ಸಣ್ಣ ಖರ್ಚಲ್ಲ.

ಅಮೆರಿಕದ ಪ್ರಕರಣ

ಅಮೆರಿಕದ ಪ್ರಾಧ್ಯಾಪಕರ ಸಂಘವು 2004ರ ಹೇಳಿಕೆಯಲ್ಲಿ ಪಠ್ಯ ಆರಿಸುವ ಸ್ವಾತಂತ್ರ್ಯವನ್ನು ಎತ್ತಿಹಿಡಿಯಿತಾದರೂ ವಿದ್ಯಾರ್ಥಿಗಳ ಶೋಷಣೆಯಾಗದಂತೆ ನಿಯಮಗಳಿರಬಹುದೆಂದು ಒಪ್ಪಿತು. ಆ ಸ್ವಾತಂತ್ರ್ಯ ಎಲ್ಲರಿಗೂ ಸಮನಾಗಿರಲಿಲ್ಲ. ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಫುಲ್ಲರ್ಟನ್ ಆವರಣದಲ್ಲಿ ಗಣಿತ ಅಧ್ಯಾಪಕ ಅಲೆನ್ ಬೂರ್ಜೆ, ವಿಭಾಗದ ಮುಖ್ಯಸ್ಥರು ಹಾಗೂ ಉಪಮುಖ್ಯಸ್ಥರು ಬರೆದ ಸುಮಾರು 180 ಡಾಲರ್ ಬೆಲೆಯ ಪುಸ್ತಕವನ್ನು ಬಿಟ್ಟು ಅಗ್ಗದ ಪುಸ್ತಕವನ್ನೂ ಉಚಿತ ಸಾಮಗ್ರಿಯನ್ನೂ ಬಳಸಿದರು. ಅದಕ್ಕಾಗಿ ಅವರಿಗೆ ವಾಗ್ದಂಡನೆ ವಿಧಿಸಿದ ಸಂಗತಿ 2015ರಲ್ಲಿ ವ್ಯಾಪಕ ಚರ್ಚೆಗೆ ಒಳಗಾಯಿತು.

ನೆರಳಚ್ಚು ಪ್ರತಿಗಳು

ಭಾರತದ ವಿದ್ಯಾರ್ಥಿಗಳು ದುಬಾರಿ ಪುಸ್ತಕಗಳಿಗೆ ಕಂಡುಕೊಂಡ ಪರಿಹಾರ ಜೆರಾಕ್ಸ್. ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೊಕಾಪಿ ಅಂಗಡಿಯ ವಿರುದ್ಧ ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಟೇಲರ್ ಆ್ಯಂಡ್ ಫ್ರಾನ್ಸಿಸ್ ಪ್ರಕಾಶನ ಸಂಸ್ಥೆಗಳು 2012ರಲ್ಲಿ ದಾವೆ ಹೂಡಿದವು. 1957ರ ಕೃತಿಸ್ವಾಮ್ಯ ಕಾಯಿದೆಯ 52(1)(i) ಪ್ರಕರಣವು ಬೋಧನೆಗಾಗಿ ಮಾಡುವ ನಕಲಿಗೆ ವಿನಾಯಿತಿ ನೀಡುತ್ತದೆಂದು ದೆಹಲಿ ಉಚ್ಚ ನ್ಯಾಯಾಲಯ 2016ರ ಸೆಪ್ಟೆಂಬರ್ 16ರಂದು ತೀರ್ಪಿತ್ತಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಿಭಾಗೀಯ ಪೀಠವು, ನಕಲು ಮಾಡಿದ ಭಾಗಗಳು ಬೋಧನೆಗೆ ಅಗತ್ಯವಾಗಿದ್ದವೇ ಎಂಬುದರ ವಿಚಾರಣೆಗಾಗಿ ದಾವೆಯನ್ನು ಮರಳಿಸಿತು. 2017ರ ಮಾರ್ಚ್‌ನಲ್ಲಿ ಪ್ರಕಾಶಕರು ದಾವೆಯನ್ನು ಹಿಂಪಡೆದರು.