ಸಹಿಯಿಂದ ಓದಿನವರೆಗೆ: ಮಹಿಳಾ ಸಾಕ್ಷರತೆಯಲ್ಲಿ ಗ್ರಾಮ ಪಂಚಾಯಿತಿಯ ಹೊಣೆ

ಸಂವಿಧಾನದ 73ನೇ ತಿದ್ದುಪಡಿಯಿಂದ ಸೇರ್ಪಡೆಯಾದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅವುಗಳಲ್ಲಿ 19ನೆಯದು ವಯಸ್ಕರ ಹಾಗೂ ಅನೌಪಚಾರಿಕ ಶಿಕ್ಷಣ; 20ನೆಯದು ಗ್ರಂಥಾಲಯ. ಆದರೂ ರಸ್ತೆ, ಚರಂಡಿ, ಬೀದಿದೀಪಗಳಷ್ಟು ಈ ವಿಷಯವು ಸಾಮಾನ್ಯ ಸಭೆಗಳಲ್ಲಿ ಚರ್ಚೆಗೆ ಬರುವುದಿಲ್ಲ.

2011ರ ಜನಗಣತಿಯಂತೆ ರಾಜ್ಯದಲ್ಲಿ ಪುರುಷರ ಸಾಕ್ಷರತೆ ಶೇ. 82.47, ಮಹಿಳೆಯರದು ಶೇ. 68.08. ಗ್ರಾಮೀಣ ಮಹಿಳೆಯರಲ್ಲಿ ಇದು ಸುಮಾರು ಶೇ. 60. ಏಳು ವರ್ಷ ಮೇಲ್ಪಟ್ಟು, ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರನ್ನು ಮಾತ್ರ ಜನಗಣತಿಯು ಸಾಕ್ಷರರೆಂದು ಪರಿಗಣಿಸುತ್ತದೆ. ಸಹಿ ಹಾಕಲು ಕಲಿತ ಮಾತ್ರಕ್ಕೆ ಯಾರೂ ಸಾಕ್ಷರರಾಗುವುದಿಲ್ಲ.

ರಾಜರಾಜೇಶ್ವರಿನಗರವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಅದರಾಚೆ ರಾಮೋಹಳ್ಳಿಯ ಕಡೆಗೆ ಹೋದಂತೆ ಗ್ರಾಮ ಪಂಚಾಯಿತಿಗಳ ವ್ಯಾಪ್ತಿ ಆರಂಭವಾಗುತ್ತದೆ. ಇಂತಹ ನಗರದಂಚಿನ ಗ್ರಾಮಗಳಿಂದ ಮಹಿಳೆಯರು ಮನೆಗೆಲಸಕ್ಕೆ, ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಬೆಳಿಗ್ಗೆಯೇ ಹೊರಡುತ್ತಾರೆ. ಹಗಲಿನಲ್ಲಿ ನಡೆಯುವ ತರಗತಿ ಅವರ ಪಾಲಿಗೆ ಇದ್ದೂ ಇಲ್ಲದಂತೆ.

ಈ ವಿಷಯ ಪಂಚಾಯಿತಿಯ ಸಭಾಂಗಣಕ್ಕೂ ಸಂಬಂಧಿಸಿದ್ದು. ರಾಜ್ಯದ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ. 50ರಷ್ಟು ಸ್ಥಾನಗಳು ಮೀಸಲಾಗಿವೆ. ಸದಸ್ಯೆಯ ಪರವಾಗಿ ಬೇರೊಬ್ಬರು ನಡಾವಳಿ ಓದಿ ಸಹಿಯ ಜಾಗ ತೋರಿಸುವಂತಾದರೆ ಆ ಮೀಸಲಾತಿ ಹೆಸರಿಗಷ್ಟೇ ಉಳಿಯುತ್ತದೆ. ಅಕ್ಷರ ಕಲಿಯಲಾಗದ ಚುನಾಯಿತ ಸದಸ್ಯರಿಗೆಂದೇ ರಾಜ್ಯದಲ್ಲಿ ‘ಸಾಕ್ಷರ ಸನ್ಮಾನ’ ಕಾರ್ಯಕ್ರಮ ರೂಪುಗೊಂಡಿತು.

ಗ್ರಾಮ ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು:

1. ಸಮೀಕ್ಷೆ: ಸ್ವಸಹಾಯ ಸಂಘಗಳ ನೆರವಿನಿಂದ 15 ವರ್ಷ ಮೇಲ್ಪಟ್ಟ ಕಲಿಕಾರ್ಥಿಗಳ ಪಟ್ಟಿಯನ್ನು ವಾರ್ಡುವಾರು ಸಿದ್ಧಪಡಿಸುವುದು. ‘ಓದು ಬರುತ್ತದೆಯೇ?’ ಎಂದು ಹತ್ತು ಜನರ ಎದುರು ಕೇಳಿದರೆ ಸಂಕೋಚದಿಂದ ‘ಬರುತ್ತದೆ’ ಎನ್ನುವವರೇ ಹೆಚ್ಚು. ಮನೆಯಲ್ಲಿಯೇ ಪಡಿತರ ಚೀಟಿಯ ಒಂದು ಸಾಲು ಓದಿಸಿದರೆ ನಿಜಸ್ಥಿತಿ ತಿಳಿಯುತ್ತದೆ.

2. ಸಮಯ, ಸ್ಥಳ: ತರಗತಿಯ ವೇಳೆಯನ್ನು ಕಲಿಯುವವರೇ ನಿರ್ಧರಿಸಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರವನ್ನು ಸಂಜೆಯ ವೇಳೆ ಒದಗಿಸಿ, ದಾರಿಯಲ್ಲಿ ಬೀದಿದೀಪ ಉರಿಯುವಂತೆ ನೋಡಿಕೊಳ್ಳುವುದು.

3. ಬೋಧಕರು: 2022–27ರ ಅವಧಿಯ ನವಭಾರತ ಸಾಕ್ಷರತಾ ಕಾರ್ಯಕ್ರಮ (ಉಲ್ಲಾಸ್) ಸ್ವಯಂಸೇವಕರನ್ನೇ ಆಧರಿಸಿದೆ. ಅದೇ ಬೀದಿಯ ಓದಿದ ಯುವತಿ ಕಲಿಸಿದರೆ ಹಾಜರಾತಿ ಉಳಿಯುವ ಸಾಧ್ಯತೆ ಹೆಚ್ಚು.

4. ಪಾಠ: ವರ್ಣಮಾಲೆಯ ಜೊತೆಗೆ ಉದ್ಯೋಗ ಚೀಟಿ, ಬ್ಯಾಂಕ್ ಪಾಸ್‌ಬುಕ್, ಔಷಧದ ಅವಧಿ ಮುಗಿಯುವ ದಿನಾಂಕಗಳನ್ನೂ ಓದಿಸುವುದು. ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾದ ಸಂದೇಶವನ್ನು ತಾನೇ ಓದಬಲ್ಲ ಮಹಿಳೆ ತನ್ನ ಹಣದ ಲೆಕ್ಕಕ್ಕೆ ಇನ್ನೊಬ್ಬರನ್ನು ಕಾಯಬೇಕಿಲ್ಲ.

5. ಶಾಲೆ ಬಿಟ್ಟ ಬಾಲಕಿಯರು: ಮೊದಲ ಆದ್ಯತೆ ಮರಳಿ ಶಾಲೆಗೆ ಸೇರಿಸುವುದು. ಅದು ಸಾಧ್ಯವಾಗದಿದ್ದಲ್ಲಿ, 14 ವರ್ಷ ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೇ ತರಗತಿಗೆ ನೋಂದಾಯಿಸಿಕೊಳ್ಳಬಹುದು.

6. ಪರಿಶೀಲನೆ: ದಾಖಲಾದವರ ಸಂಖ್ಯೆಗಿಂತ ಓದಲು ಕಲಿತವರ ಸಂಖ್ಯೆಯನ್ನು ಸಾಮಾನ್ಯ ಸಭೆಯ ಮುಂದಿಡುವುದು. ಮಹಿಳಾ ಗ್ರಾಮಸಭೆಯಲ್ಲಿ ಹಿಂದಿನ ಸಭೆಯ ನಿರ್ಣಯಗಳನ್ನು ಕಲಿಕಾರ್ಥಿಗಳಿಂದಲೇ ಓದಿಸುವುದು.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಪ್ರತಿ ವಾರ್ಡಿನ ಸದಸ್ಯರು ತಮ್ಮ ವ್ಯಾಪ್ತಿಯಲ್ಲಿ ಕನಿಷ್ಠ ಒಂದು ತರಗತಿಯ ಹೊಣೆ ವಹಿಸಿಕೊಳ್ಳುವುದು ಅಪೇಕ್ಷಣೀಯ.