ವಿಮಾನ ದುರಂತವೂ ವೈಮಾನಿಕರ ಶೋಕವೂ

ಮನೆಯಲ್ಲಿ ಸಾವು ಸಂಭವಿಸಿದರೆ ಬಂಧುಗಳಿಗೆ ಸೂತಕವುಂಟು. ಆ ದಿನಗಳಲ್ಲಿ ನಿತ್ಯದ ಕೆಲಸಗಳು ನಿಲ್ಲುತ್ತವೆ. ನೆಂಟರಿಷ್ಟರು ಬಂದು ಸಮಾಧಾನ ಹೇಳುತ್ತಾರೆ. ವಿಮಾನ ದುರಂತದಲ್ಲಿ ಜೊತೆಗಾರರನ್ನು ಕಳೆದುಕೊಂಡ ವೈಮಾನಿಕರಿಗೆ ಈ ಬಿಡುವು ಬಹುಮಟ್ಟಿಗೆ ಇಲ್ಲ. ಪ್ರಯಾಣಿಕರು ನಿಲ್ದಾಣದಲ್ಲಿ ಕಾದಿರುತ್ತಾರೆ. ಪಾಳಿಯ ಪಟ್ಟಿ ಸಿದ್ಧವಾಗಿರುತ್ತದೆ. ನಿನ್ನೆ ಗೆಳೆಯನು ಕುಳಿತಿದ್ದಂಥ ಆಸನದಲ್ಲಿಯೇ ಇಂದು ತಾವು ಕುಳಿತು ವಿಮಾನವನ್ನು ಮೇಲಕ್ಕೇರಿಸಬೇಕಾಗುತ್ತದೆ.

ಹಾಗಾದರೆ ವೈಮಾನಿಕರು ತಮ್ಮ ಶೋಕವನ್ನು ಸಲ್ಲಿಸುವ ಬಗೆ ಯಾವುದು? ಹೊರಗೆ ಕಾಣುವ ಕೆಲವು ಸಂಪ್ರದಾಯಗಳುಂಟು. ವಾಯುಪಡೆಯ ವಿಮಾನಗಳು ಸಾಲುಗಟ್ಟಿ ಹಾರುವಾಗ ಒಂದು ಸ್ಥಾನವನ್ನು ಬರಿದಾಗಿ ಬಿಡುವುದು, ಇಲ್ಲವೆ ಸಾಲಿನಿಂದ ಒಂದು ವಿಮಾನವು ಅಗಲಿ ಮೇಲಕ್ಕೆ ಸರಿದು ಮರೆಯಾಗುವುದು ಇಂಥದೊಂದು ಗೌರವ. ನಾಗರಿಕ ವಿಮಾನಸಂಸ್ಥೆಗಳು ದುರಂತಕ್ಕೀಡಾದ ಯಾನದ ಸಂಖ್ಯೆಯನ್ನು ಮತ್ತೆ ಬಳಸದೆ ಬಿಡುವುದೂ ರೂಢಿ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾದ 171ನೆಯ ಯಾನವು ನಾಶವಾದ ಮೇಲೆ ಆ ಸಂಖ್ಯೆಯನ್ನು ಕೈಬಿಟ್ಟು 159 ಎಂಬ ಸಂಖ್ಯೆಯನ್ನು ಕೊಡಲಾಯಿತು. ಆದರೆ ಇವೆಲ್ಲವೂ ಹೊರಗಿನ ಚಿಹ್ನೆಗಳು. ಮಡಿದವರಿಗೆ ಏನಾಯಿತು ಎಂಬುದನ್ನು ಕೊನೆಯ ಸೆಕೆಂಡಿನವರೆಗೆ ತಿಳಿದುಕೊಳ್ಳುವುದು ಅವರು ಸಲ್ಲಿಸುವ ನಿಜವಾದ ತರ್ಪಣ. ಅದು ಎಂತಹುದೆಂಬುದನ್ನು ನಮ್ಮ ಬೆಂಗಳೂರಿನಲ್ಲಿಯೇ ನಡೆದ ಒಂದು ದುರಂತದಿಂದ ಅರಿಯಬಹುದು.

1990ರ ಫೆಬ್ರವರಿ 14

ಬೆಂಗಳೂರಿನಿಂದ ವೈಟ್‌ಫೀಲ್ಡಿಗೆ ಹೋಗುವ ಹಳೆಯ ವಿಮಾನನಿಲ್ದಾಣದ ರಸ್ತೆಯನ್ನು ಓದುಗರಲ್ಲಿ ಹಲವರು ಬಲ್ಲರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣವು ತೆರೆಯುವವರೆಗೆ ಎಚ್.ಎ.ಎಲ್. ನಿಲ್ದಾಣವೇ ನಗರದ ನಾಗರಿಕ ವಿಮಾನನಿಲ್ದಾಣವಾಗಿತ್ತು. 1990ರ ಫೆಬ್ರವರಿ 14ರ ಮಧ್ಯಾಹ್ನ ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೆಯ ಯಾನವು ಪಶ್ಚಿಮ ದಿಕ್ಕಿನಿಂದ ಅಲ್ಲಿಗೆ ಇಳಿಯುತ್ತಿತ್ತು. ಆಕಾಶ ಸ್ವಚ್ಛವಾಗಿತ್ತು. ವಿಮಾನವು ಏರ್‌ಬಸ್ ಎ-320 ಮಾದರಿಯದು; ಆ ಸಂಸ್ಥೆಗೆ 1989ರಲ್ಲಷ್ಟೇ ಸೇರತೊಡಗಿದ್ದ ಹೊಸ ಬಗೆ. ಕ್ಯಾಪ್ಟನ್ ಫರ್ನಾಂಡಿಸ್ ಅವರು ವಿಮಾನವನ್ನು ನಡೆಸುತ್ತಿದ್ದರು. ಪಕ್ಕದಲ್ಲಿ ಕ್ಯಾಪ್ಟನ್ ಗೋಪುಜ್‌ಕರ್ ಅವರು ಪರೀಕ್ಷಕರಾಗಿ ಕುಳಿತಿದ್ದರು.

ಓಡುದಾರಿಯು ಇನ್ನೂ ಸುಮಾರು 2,300 ಅಡಿ ದೂರವಿರುವಾಗಲೇ ವಿಮಾನವು ಚಲ್ಲಘಟ್ಟದ ಗಾಲ್ಫ್ ಮೈದಾನಕ್ಕೆ ತಗುಲಿತು, ಪುಟಿದು ಮುಂದೆ ಹೋಗಿ ಮಣ್ಣಿನ ಏರಿಯೊಂದಕ್ಕೆ ಬಡಿಯಿತು, ಬೆಂಕಿ ಹತ್ತಿತು. ವಿಮಾನದಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಮಡಿದರು. ಇಬ್ಬರು ವೈಮಾನಿಕರೂ ಉಳಿಯಲಿಲ್ಲ. ಆ ಮಾದರಿಯ ವಿಮಾನಗಳ ಹಾರಾಟವನ್ನು ದೇಶದಲ್ಲಿ ತಡೆಹಿಡಿಯಲಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ನೇತೃತ್ವದಲ್ಲಿ ವಿಚಾರಣೆಯು ನಡೆಯಿತು.

ಎಂಜಿನುಗಳು ಕೆಟ್ಟಿರಲಿಲ್ಲ, ಹವೆ ಕೆಟ್ಟಿರಲಿಲ್ಲ. ಹಾಗಿದ್ದೂ ವಿಮಾನವು ಓಡುದಾರಿಯನ್ನು ಮುಟ್ಟದೆ ಹೋದುದೇಕೆ? ಉತ್ತರವು ಭೌತಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಇದೆ.

ಎರಡು ಉಗ್ರಾಣಗಳು

ಹಾರುವ ವಿಮಾನವು ತನ್ನ ಶಕ್ತಿಯನ್ನು ಎರಡು ಉಗ್ರಾಣಗಳಲ್ಲಿ ಇಟ್ಟಿರುತ್ತದೆ. ಎತ್ತರದಿಂದ ಬಂದುದು ಪ್ರಚ್ಛನ್ನ ಶಕ್ತಿ. ವೇಗದಿಂದ ಬಂದುದು ಚಲನ ಶಕ್ತಿ. ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು. ಮೂತಿಯನ್ನು ತಗ್ಗಿಸಿದರೆ ಎತ್ತರ ಕಳೆದು ವೇಗ ಬರುತ್ತದೆ. ಮೂತಿಯನ್ನು ಎತ್ತಿದರೆ ವೇಗ ಕಳೆದು ಎತ್ತರ ಬರುತ್ತದೆ. ಆದರೆ ಗಾಳಿಯ ತಡೆಬಲವು ಎರಡರಿಂದಲೂ ಸದಾ ಸುಂಕವನ್ನು ಕೀಳುತ್ತಿರುತ್ತದೆ. ಈ ನಷ್ಟವನ್ನು ತುಂಬಿಕೊಡುವುದು ಎಂಜಿನಿನ ನೂಕುಬಲವೊಂದೇ.

ಸುಮಾರು ಲೆಕ್ಕವೊಂದನ್ನು ಮಾಡಿ ನೋಡೋಣ. ವಿಮಾನದ ದ್ರವ್ಯರಾಶಿ 60 ಟನ್ನು, ಇಳಿಯುವ ವೇಗ ಸೆಕೆಂಡಿಗೆ 67 ಮೀಟರು, ಅಂದರೆ ಗಂಟೆಗೆ ಸುಮಾರು 240 ಕಿ.ಮೀ. ಎಂದಿಟ್ಟುಕೊಳ್ಳಿ. ವಿಮಾನಗಳು ವಾಡಿಕೆಯಾಗಿ 3 ಡಿಗ್ರಿ ಇಳಿಜಾರಿನಲ್ಲಿ ಓಡುದಾರಿಯ ಕಡೆಗೆ ಬರುತ್ತವೆ. ಹೀಗೆ ಬರುವಾಗ ಪ್ರತಿ ಸೆಕೆಂಡಿಗೆ 3.5 ಮೀಟರು, ಎಂದರೆ ನಿಮಿಷಕ್ಕೆ ಸುಮಾರು 700 ಅಡಿ, ಕೆಳಗಿಳಿಯುತ್ತವೆ. ಈ 700 ಎಂಬ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು.

ಗಾಲಿಗಳನ್ನು ಇಳಿಬಿಟ್ಟು ರೆಕ್ಕೆಯ ಮಡಿಕೆಗಳನ್ನು ಚಾಚಿದಾಗ ತಡೆಬಲವು ಬಹಳವಾಗುತ್ತದೆ. ಅದು ವಿಮಾನದ ತೂಕದ ಎಂಟನೆಯ ಒಂದು ಭಾಗವೆಂದು ಹಿಡಿದರೆ ಸುಮಾರು 73,000 ನ್ಯೂಟನ್ ಆಗುತ್ತದೆ. 3 ಡಿಗ್ರಿ ಇಳಿಜಾರಿನಲ್ಲಿ ಗುರುತ್ವಾಕರ್ಷಣೆಯು ಮುಂದಕ್ಕೆ ಎಳೆಯುವ ಬಲ ಸುಮಾರು 31,000 ನ್ಯೂಟನ್ ಮಾತ್ರ. ಉಳಿದ 42,000 ನ್ಯೂಟನ್ ಬಲವನ್ನು ಎಂಜಿನುಗಳು ಕೊಡಬೇಕು. ಅವು ಕೊಡದಿದ್ದರೆ? ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿರಿ: ವೇಗವು ಪ್ರತಿ ಸೆಕೆಂಡಿಗೆ 0.7 ಮೀಟರಿನಂತೆ ಇಳಿಯುತ್ತದೆ. ಇಪ್ಪತ್ತು ಸೆಕೆಂಡಿನಲ್ಲಿ 67 ಇದ್ದುದು 53 ಆಗುತ್ತದೆ. ಅಂದರೆ ವೇಗದ ಐದನೆಯ ಒಂದು ಭಾಗ ಹೋಯಿತು.

ಇದು ಅಲ್ಪವೆಂದು ತೋರಬಹುದು. ಆದರೆ ರೆಕ್ಕೆಯ ಎತ್ತುಬಲವು ವೇಗದ ವರ್ಗವನ್ನು ಅನುಸರಿಸುತ್ತದೆ. ವೇಗವು ಐದರಲ್ಲಿ ನಾಲ್ಕು ಭಾಗವಾದರೆ ಎತ್ತುಬಲವು ನೂರಕ್ಕೆ 64ಕ್ಕೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ಮೂತಿಯನ್ನು ಎತ್ತಬೇಕು. ಎತ್ತಿದರೆ ತಡೆಬಲವು ಇನ್ನೂ ಹೆಚ್ಚುತ್ತದೆ. ವೇಗವು ಇನ್ನೂ ಬೇಗನೆ ಕಳೆಯುತ್ತದೆ. ಚಲನ ಶಕ್ತಿಯನ್ನು ಎತ್ತರಕ್ಕೆ ಪರಿವರ್ತಿಸಿ ನೋಡಿದರೆ ಸೆಕೆಂಡಿಗೆ 67 ಮೀಟರು ವೇಗವು ಸುಮಾರು 230 ಮೀಟರು ಎತ್ತರಕ್ಕೆ ಸಮ. 53 ಮೀಟರು ವೇಗವು ಸುಮಾರು 143 ಮೀಟರಿಗೆ ಸಮ. ಕಿಟಕಿಯಿಂದ ನೋಡುವವರಿಗೆ ವಿಮಾನವು ಸರಿಯಾದ ದಾರಿಯಲ್ಲಿಯೇ ಇರುವಂತೆ ಕಾಣುತ್ತದೆ. ಒಳಗೆ ಮಾತ್ರ ಒಂದು ಉಗ್ರಾಣವು ಸದ್ದಿಲ್ಲದೆ ಬರಿದಾಗುತ್ತಿರುತ್ತದೆ.

ಎರಡು ತಿರುಗುಬಿಲ್ಲೆಗಳು

ಅಂದು ಬೆಂಗಳೂರಿನ ಮೇಲೆ ಆದುದು ಇದೇ. ಎ-320ರಲ್ಲಿ ಎಂಜಿನಿನ ನೂಕುಬಲವನ್ನು ಗಣಕಯಂತ್ರವು ಹಲವು ಕ್ರಮಗಳಲ್ಲಿ ನಿಯಂತ್ರಿಸಬಲ್ಲದು. ಓಡುದಾರಿಗೆ ಸಮೀಪಿಸುವಾಗ ಇರಬೇಕಾದ ಕ್ರಮದಲ್ಲಿ ಎಂಜಿನುಗಳು ವೇಗವನ್ನು ಕಾಯುತ್ತವೆ. ಇನ್ನೊಂದು ಕ್ರಮದಲ್ಲಿ ಎಂಜಿನುಗಳು ಅತಿ ಮಂದಗತಿಗೆ ಇಳಿದು ಸುಮ್ಮನಿರುತ್ತವೆ. ಮೂತಿಯನ್ನು ತಗ್ಗಿಸುವುದರಿಂದ ವೇಗವನ್ನು ಕಾಯಬೇಕು. ಎತ್ತರದಿಂದ ಬೇಗನೆ ಇಳಿಯಲು ಅದು ಅನುಕೂಲ. ನೆಲದ ಸಮೀಪದಲ್ಲಿ ಅದೇ ಅಪಾಯಕಾರಿ. ಏಕೆಂದರೆ ಅಲ್ಲಿ ಚಾಲಕರು ಮೂತಿಯಿಂದ ದಾರಿಯನ್ನು ಕಾಯುತ್ತಿರುತ್ತಾರೆ. ವೇಗವನ್ನು ಎಂಜಿನು ಕಾಯುತ್ತಿದೆಯೆಂದು ನಂಬಿರುತ್ತಾರೆ. ನಿಜವಾಗಿ ಅದನ್ನು ಯಾರೂ ಕಾಯುತ್ತಿರುವುದಿಲ್ಲ.

605ನೆಯ ಯಾನವು ಕೊನೆಯ ಹಂತದಲ್ಲಿ ಈ ಎರಡನೆಯ ಕ್ರಮದಲ್ಲಿ ಸಿಲುಕಿತ್ತು. ಅದು ಹೇಗೆ ಬಂದಿತೆಂಬುದನ್ನು ನಿಶ್ಚಯವಾಗಿ ಹೇಳಲು ವಿಚಾರಣೆಗೆ ಸಾಧ್ಯವಾಗಲಿಲ್ಲ. ಆದರೆ ಸಂಭವನೀಯವೆಂದು ಕಂಡ ವಿವರಣೆ ಹೀಗಿದೆ: ಫಲಕದಲ್ಲಿ ಎತ್ತರವನ್ನು ಗೊತ್ತುಮಾಡುವ ತಿರುಗುಬಿಲ್ಲೆಯೂ ಇಳಿಯುವ ದರವನ್ನು ಗೊತ್ತುಮಾಡುವ ತಿರುಗುಬಿಲ್ಲೆಯೂ ಅಕ್ಕಪಕ್ಕದಲ್ಲಿದ್ದವು. ನಿಮಿಷಕ್ಕೆ 700 ಅಡಿ ಇಳಿಯಬೇಕೆಂದು ತಿರುಗಿಸಬೇಕಾದಲ್ಲಿ ಎತ್ತರದ ಬಿಲ್ಲೆಯನ್ನು 700ಕ್ಕೆ ತಿರುಗಿಸಿರಬಹುದು. ಬೆಂಗಳೂರಿನ ನೆಲವೇ ಸಮುದ್ರಮಟ್ಟಕ್ಕಿಂತ ಸುಮಾರು 2,900 ಅಡಿ ಮೇಲಿದೆ. ಆದುದರಿಂದ 700 ಅಡಿ ಎಂಬ ಎತ್ತರವು ನೆಲದೊಳಗೆ ಬಹು ಆಳದಲ್ಲಿದೆ. ಗಣಕಕ್ಕೆ ಅದರ ಪರಿವೆಯಿಲ್ಲ. ಅದು ಆಜ್ಞೆಯಂತೆ ಎಂಜಿನುಗಳನ್ನು ಮಂದಗತಿಗೆ ಇಳಿಸಿತು. ಇಬ್ಬರ ಮುಂದಿನ ಮಾರ್ಗದರ್ಶಕ ಉಪಕರಣಗಳನ್ನೂ ಆರಿಸಿದ್ದರೆ ಎಂಜಿನುಗಳು ವೇಗ ಕಾಯುವ ಕ್ರಮಕ್ಕೆ ತಾವಾಗಿಯೇ ಮರಳುತ್ತಿದ್ದವು. ಒಂದು ಮಾತ್ರ ಆರಿ ಇನ್ನೊಂದು ಹತ್ತಿಯೇ ಇತ್ತು.

ಅಪಾಯವು ಅರಿವಾದೊಡನೆ ಪೂರ್ಣ ನೂಕುಬಲವನ್ನು ಕೇಳಿದರೆ ಸಾಲದೆ? ಸಾಲದು. ಎಂಜಿನಿನೊಳಗೆ ಟನ್ನಿನ ಪ್ರಮಾಣದ ಲೋಹವು ತಿರುಗುತ್ತಿರುತ್ತದೆ. ಅದರ ಭ್ರಮಣ ಜಡತ್ವವನ್ನು ಮೀರಿ ವೇಗಕ್ಕೆ ತರಲು ಕಾಲ ಬೇಕು. ಇಂಧನವನ್ನು ಒಮ್ಮೆಲೆ ಸುರಿದರೆ ಗಾಳಿಯನ್ನು ಒತ್ತುವ ಚಕ್ರಗಳ ಹರಿವು ಕದಡಿ ಎಂಜಿನು ತಡವರಿಸುತ್ತದೆ. ಆದಕಾರಣ ಅದನ್ನು ಅಳೆದು ಕೊಡಬೇಕು. ಮಂದಗತಿಯಿಂದ ಪೂರ್ಣಬಲಕ್ಕೆ ಏರಲು ಐದರಿಂದ ಎಂಟು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ವಿಮಾನವು ವಾಡಿಕೆಯ ದರದಲ್ಲಿ ಇಳಿದರೂ 28 ಮೀಟರು ಕೆಳಗೆ ಬಂದಿರುತ್ತದೆ. ಅಂದು ಎಂಜಿನುಗಳು ಆಜ್ಞೆಗೆ ಓಗೊಟ್ಟು ವೇಗಗೊಳ್ಳುತ್ತಲೇ ಇದ್ದವು. ಕಾಲವು ಮಾತ್ರ ಉಳಿದಿರಲಿಲ್ಲ.

ತಪ್ಪು ಯಾರದು?

400, 300, 200 ಅಡಿಗಳೆಂದು ಯಂತ್ರದ ಧ್ವನಿಯು ಎತ್ತರವನ್ನು ಸಾರುತ್ತಿದ್ದಾಗಲೂ ಚಾಲಕರು ಸ್ಥಿತಿಯ ಗಾಂಭೀರ್ಯವನ್ನು ಅರಿತು ಕೂಡಲೆ ನೂಕುಬಲವನ್ನು ಹೆಚ್ಚಿಸಲಿಲ್ಲವೆಂಬುದು ವಿಚಾರಣೆಯ ನಿರ್ಣಯ. ಮಡಿದವರ ಜೊತೆಗಾರರಿಗೆ ಇಂಥ ವಾಕ್ಯವನ್ನು ಓದುವುದು ಬಲು ಕಷ್ಟ. ಸತ್ತವರು ಎದ್ದು ಬಂದು ಉತ್ತರ ಹೇಳಲಾರರು. ‘ಚಾಲಕರ ತಪ್ಪು’ ಎಂಬ ಎರಡು ಪದಗಳಲ್ಲಿ ಒಂದು ಬದುಕಿನ ಕೌಶಲವೆಲ್ಲ ಮುಚ್ಚಿಹೋಗುವಂತೆ ತೋರುತ್ತದೆ. 2025ರ ಜುಲೈ ತಿಂಗಳಲ್ಲಿ ಅಹಮದಾಬಾದಿನ ದುರಂತದ ಪ್ರಾಥಮಿಕ ವರದಿಯು ಹೊರಬಂದಾಗ ಮಡಿದ ವೈಮಾನಿಕರ ಮೇಲೆ ಊಹಾಪೋಹಗಳೆದ್ದವು. ಭಾರತದ ವೈಮಾನಿಕರ ಸಂಘವು ಅದನ್ನು ಬಹಿರಂಗವಾಗಿ ಖಂಡಿಸಿತು. ಅದೂ ಶೋಕದ ಒಂದು ರೂಪವೇ ಸರಿ.

ಆದರೆ ಸ್ನೇಹವು ಸತ್ಯವನ್ನು ಮರೆಮಾಡಿದರೆ ಇನ್ನೊಬ್ಬ ಸ್ನೇಹಿತನ ಪ್ರಾಣ ಹೋದೀತು. ಈ ಇಕ್ಕಟ್ಟಿನಿಂದ ಪಾರಾಗಲು ಲೋಕವು ಕಂಡುಕೊಂಡ ಹಾದಿಯೊಂದಿದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1951ರಲ್ಲಿ ಮೊದಲು ಅಂಗೀಕರಿಸಿದ ದುರಂತ ತನಿಖೆಯ ನಿಯಮಾವಳಿಯು ಇಂದು ಸ್ಪಷ್ಟವಾಗಿ ಸಾರುತ್ತದೆ: ತನಿಖೆಯ ಗುರಿ ಮುಂದಿನ ದುರಂತವನ್ನು ತಡೆಯುವುದೊಂದೇ; ಹೊಣೆಯನ್ನು ಹೊರಿಸುವುದಲ್ಲ. ‘ಯಾರು ತಪ್ಪಿದರು’ ಎಂದು ಕೇಳಿ ನಿಲ್ಲದೆ ‘ಒಳ್ಳೆಯ ಚಾಲಕರೂ ಇಲ್ಲಿ ತಪ್ಪಲು ಎಡೆಯಾದುದು ಹೇಗೆ’ ಎಂದು ಕೇಳಬೇಕು. ಆಗ ಬಿಲ್ಲೆಗಳು ಪಕ್ಕಪಕ್ಕದಲ್ಲಿದ್ದುದು, ಹೊಸ ಯಂತ್ರದ ಕ್ರಮಗಳು ಹಳೆಯ ಅಭ್ಯಾಸಕ್ಕೆ ಹೊಂದದೆ ಇದ್ದುದು, ಇಬ್ಬರೂ ಹೊರಗೆ ನೋಡುತ್ತ ವೇಗದ ಮಾಪಕವನ್ನು ಮರೆತುದು, ಇವೆಲ್ಲ ಕಣ್ಣಿಗೆ ಬೀಳುತ್ತವೆ.

ಪ್ರಶ್ನೆಯು ಎಷ್ಟು ಅಗತ್ಯವಾಗಿತ್ತೆಂಬುದು ಎರಡು ವರ್ಷಗಳೊಳಗೆ ತಿಳಿಯಿತು. 1992ರ ಜನವರಿ 20ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ಬಳಿ ಇದೇ ಮಾದರಿಯ ವಿಮಾನವು ಬೆಟ್ಟಕ್ಕೆ ಬಡಿದು 87 ಮಂದಿ ಮಡಿದರು. ಅಲ್ಲಿಯೂ ಇಳಿಜಾರಿನ ಕೋನವಾಗಬೇಕಾದ ಅಂಕಿಯನ್ನು ಯಂತ್ರವು ಇಳಿಯುವ ದರವೆಂದು ತಿಳಿದಿರಬಹುದೆಂಬುದೇ ತನಿಖೆಯ ಮುಖ್ಯ ಶಂಕೆ. ಆಮೇಲೆ ಎರಡೂ ಅಂಕಿಗಳು ಬೇರೆಬೇರೆಯಾಗಿ ಕಾಣುವಂತೆ ಫಲಕವನ್ನು ತಿದ್ದಲಾಯಿತು.

ಶೋಕದಿಂದ ಹುಟ್ಟಿದ ಉಪಕರಣ

ಕೊನೆಯ ಸೆಕೆಂಡುಗಳನ್ನು ನಾವು ಇಷ್ಟು ವಿವರವಾಗಿ ಬಲ್ಲೆವಾದರೆ ಅದಕ್ಕೆ ಕಾರಣ ‘ಕಪ್ಪು ಪೆಟ್ಟಿಗೆ’. ಹೆಸರು ಕಪ್ಪಾದರೂ ಬೂದಿಯ ನಡುವೆ ಸುಲಭವಾಗಿ ಕಾಣಲೆಂದು ಅದಕ್ಕೆ ಕಿತ್ತಳೆ ಬಣ್ಣ ಬಳಿದಿರುತ್ತಾರೆ. ಚಾಲಕರ ಕೋಣೆಯ ಮಾತುಗಳನ್ನೂ ಉಪಕರಣಗಳ ಅಂಕಿಗಳನ್ನೂ ಜೊತೆಯಾಗಿ ದಾಖಲಿಸಬೇಕೆಂಬ ಯೋಚನೆಯನ್ನು 1950ರ ದಶಕದಲ್ಲಿ ಮುಂದಿಟ್ಟವರು ಆಸ್ಟ್ರೇಲಿಯದ ವಿಜ್ಞಾನಿ ಡೇವಿಡ್ ವಾರನ್. ಅವರು ಬಾಲಕರಾಗಿದ್ದಾಗ, 1934ರಲ್ಲಿ, ಅವರ ತಂದೆ ವಿಮಾನ ದುರಂತದಲ್ಲಿ ಮಡಿದಿದ್ದರು.

ನಮ್ಮ ಊರಿನಲ್ಲಿಯೂ ಶೋಕವು ಕಾರ್ಯವಾಗಿ ಮಾರ್ಪಟ್ಟ ನಿದರ್ಶನವುಂಟು. 2009ರ ಮಾರ್ಚ್ 6ರಂದು ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯವು ನಿರ್ಮಿಸಿದ ‘ಸಾರಸ್’ ವಿಮಾನವು ಪರೀಕ್ಷಾ ಹಾರಾಟದಲ್ಲಿ ಬಿಡದಿಯ ಬಳಿ ಬಿದ್ದು, ವಾಯುಪಡೆಯ ಪರೀಕ್ಷಾ ಸಂಸ್ಥೆಗೆ ಸೇರಿದ ವಿಂಗ್ ಕಮಾಂಡರ್ ಪ್ರವೀಣ್ ಕೋಟೇಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ ಅವರು ಮಡಿದರು. ಗಾಳಿಯಲ್ಲಿ ಎಂಜಿನೊಂದನ್ನು ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಹೊತ್ತಿಸಲು ರೂಪಿಸಿದ್ದ ಕ್ರಮವೇ ಸರಿಯಿರಲಿಲ್ಲವೆಂದೂ ಎತ್ತರವು ಸಾಲದಾಗಿತ್ತೆಂದೂ ತನಿಖೆಯು ತಿಳಿಸಿತು. ಇಲ್ಲಿಯೂ ಬರಿದಾದುದು ಶಕ್ತಿಯ ಉಗ್ರಾಣವೇ. ಸುಧಾರಿಸಿದ ಸಾರಸ್ 2018ರ ಜನವರಿ 24ರಂದು ಎಚ್.ಎ.ಎಲ್. ನಿಲ್ದಾಣದಿಂದ ಮೇಲೇರಿದಾಗ ಅದನ್ನು ಹಾರಿಸಿದವರು ಅದೇ ಪರೀಕ್ಷಾ ಸಂಸ್ಥೆಯ ವೈಮಾನಿಕರು. ಮಡಿದವರ ಆಸನಕ್ಕೆ ಜೊತೆಗಾರರು ಸಲ್ಲಿಸಿದ ಗೌರವವು ಇದಕ್ಕಿಂತ ಹೆಚ್ಚಿನದಾಗಲಾರದು.

ಇಂದು ವೈಟ್‌ಫೀಲ್ಡಿನ ಕಡೆಯಲ್ಲಿ ಏರ್‌ಬಸ್ ಸಂಸ್ಥೆಯ ಎಂಜಿನಿಯರಿಂಗ್ ಕೇಂದ್ರವಿದೆ. ಪೀಣ್ಯದಲ್ಲಿ ಬೇರೂರಿದ ಸಂಸ್ಥೆಯೊಂದು ಎ-320ರ ರೆಕ್ಕೆಯ ಮಡಿಕೆಗಳನ್ನು ಹೊರುವ ಭಾಗಗಳನ್ನು ತಯಾರಿಸಿಕೊಟ್ಟಿದೆ. ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಇಂಥ ಕಡೆಗಳಲ್ಲಿ ಕುಳಿತು ಒಂದು ಬಿಲ್ಲೆಯ ಆಕಾರವನ್ನೋ ಗಣಕದ ಒಂದು ಆಜ್ಞೆಯನ್ನೋ ನಿಶ್ಚಯಿಸಬಹುದು. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂದು ನಮ್ಮವರು ಗಾದೆ ಹೇಳುತ್ತಾರೆ. ಕೆಟ್ಟವರಿಗೆ ಆ ಬುದ್ಧಿಯಿಂದ ಪ್ರಯೋಜನವಿಲ್ಲದಿದ್ದರೂ ಅವರ ಹಿಂದೆ ಹಾರುವವರಿಗೆ ಉಂಟು. ವಿಮಾನವು ಇಳಿಯುವಾಗ ಚಾಲಕರಲ್ಲೊಬ್ಬರು ಹೊರಗೆ ನೋಡುತ್ತಿದ್ದರೆ ಇನ್ನೊಬ್ಬರು ವೇಗದ ಮಾಪಕದಿಂದ ಕಣ್ಣು ತೆಗೆಯದೆ, ಅದು ತುಸು ಇಳಿದರೂ ಗಟ್ಟಿಯಾಗಿ ಕೂಗಿ ಹೇಳುತ್ತಾರೆ. ಪ್ರಯಾಣಿಕರಾದ ನಮಗೆ ಆ ಮಾತು ಕೇಳಿಸುವುದಿಲ್ಲ; ನಾವು ಓಡುದಾರಿಯನ್ನು ಕ್ಷೇಮವಾಗಿ ಮುಟ್ಟುತ್ತೇವೆ.