ಬದುವಿನ ಕವಳಿ ಕಂಟಿ ಕಡಿಯುವ ಮುಂಚೆ

ಬೇಕರಿಯ ಕೇಕಿನ ಮೇಲೆ ಕೆಂಪಗೆ ಹೊಳೆಯುವ ‘ಚೆರ್ರಿ’ ನೋಡಿದ್ದೀರಲ್ಲ? ನಮ್ಮ ದೇಶದಲ್ಲಿ ಅದು ಬಹಳ ಸಲ ಚೆರ್ರಿಯೇ ಅಲ್ಲ. ಕವಳಿಕಾಯಿ! ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿದ್ದು. ಆ ಕವಳಿಯ ಕಂಟಿಯನ್ನು ನಾವು ಜೆಸಿಬಿ ಹಚ್ಚಿ ಕಿತ್ತು ಹಾಕುತ್ತಿದ್ದೇವೆ.

ಜಮಖಂಡಿ, ಮುಧೋಳ ಕಡೆ ನೀರು ಬಂದಂತೆ ಕಬ್ಬು ಬಂತು. 1989ರಲ್ಲಿ ಕೃಷ್ಣಾ ತೀರದ ರೈತರು ತಾವೇ ಹಣ ಕೂಡಿಸಿ, ಬೆವರು ಸುರಿಸಿ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿದರು. ಅದು ಹೆಮ್ಮೆಯ ಮಾತು. ಆದರೆ ಒಂದೊಂದು ಸಾಲು ಕಬ್ಬಿನ ಆಸೆಗೆ ಬದುಗಳು ಸಣ್ಣಗಾದವು. ಬದುವಿನ ಕಂಟಿ ಹೋಯಿತು. ಈಗ ಬೇಲಿಗೆಂದು ತಂತಿ, ಕಲ್ಲುಕಂಬ ಕೊಳ್ಳುತ್ತೇವೆ.

ಗುರುತು ಹೇಗೆ?

ಕವಳಿ ಪೊದೆಯಾಗಿ ಬೆಳೆಯುವ ಗಿಡ. ಎಲೆ ದಪ್ಪ, ಹೊಳಪು. ಮುಳ್ಳು ಜೋಡಿ ಜೋಡಿ. ಟೊಂಗೆ ಮುರಿದರೆ ಬಿಳಿ ಹಾಲು. ಹೂವು ಮಲ್ಲಿಗೆಯಂತೆ ಬೆಳ್ಳಗೆ, ಪರಿಮಳವೂ ಉಂಟು. ಕಾಯಿ ಗೊಂಚಲಲ್ಲಿ ಬಿಡುತ್ತದೆ. ಮಾಗಿದಾಗ ನೇರಳೆ-ಕಪ್ಪು. ಗುಡ್ಡದ ಕವಳಿಯ ಹಣ್ಣು ಚಿಕ್ಕದು, ಸಿಹಿ-ಒಗರು. ತೋಟದ ಜಾತಿಯದು ದೊಡ್ಡದು, ಹುಳಿ ಹೆಚ್ಚು. ಕರಾವಳಿಯವರು ಇದಕ್ಕೇ ಕರಂಡೆ ಎನ್ನುತ್ತಾರೆ.

ಈಗ ಪೇಟೆಯಲ್ಲಿ ‘ಎಲ್ಡರ್‌ಬೆರಿ’ ಎಂಬ ಪರದೇಶದ ಹಣ್ಣಿನ ಸಿರಪ್ಪು ಮಾರುತ್ತಾರೆ. ಅದೂ ಕಪ್ಪು-ನೇರಳೆ ಗೊಂಚಲು ಹಣ್ಣೇ. ಆದರೆ ಅದು ಯುರೋಪ್, ಅಮೆರಿಕದ ತಂಪು ಹವೆಯ, ತೇವದ ನೆಲದ ಪೊದೆ; ಮುಳ್ಳಿಲ್ಲ. ಅದರ ಎಲೆ, ಕಡ್ಡಿ, ಹಸಿ ಹಣ್ಣಿನಲ್ಲಿ ವಿಷದ ಅಂಶ ಇದೆ; ಹಣ್ಣನ್ನು ಬೇಯಿಸಿಯೇ ಬಳಸಬೇಕು. ನಮ್ಮ ಬಿಸಿಲಿಗೆ ಅದು ಹೇಳಿಸಿದ ಗಿಡವಲ್ಲ. ಕವಳಿ ಹಣ್ಣನ್ನಾದರೆ ಗಿಡದಿಂದ ಹರಿದು ನೇರ ಬಾಯಿಗೆ ಹಾಕಬಹುದು.

ನೆಡುವುದು ಸುಲಭ

ಮಾಗಿದ ಹಣ್ಣಿನ ಬೀಜ ತೊಳೆದು ಕೂಡಲೇ ಪಾತಿಗೆ ಹಾಕಿ. ಇಟ್ಟ ಬೀಜ ಬೇಗ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಒಂದು ವರ್ಷದ ಸಸಿಯನ್ನು ಮಳೆ ಹಿಡಿದ ಮೇಲೆ ಬದುವಿನ ಮೇಲೆ 2-3 ಅಡಿಗೊಂದರಂತೆ ನೆಡಿ. ಮೊದಲೆರಡು ಬೇಸಿಗೆ ದನ-ಆಡಿನಿಂದ ಕಾಯಬೇಕು, ಆಗೀಗ ನೀರು ಕೊಡಬೇಕು. ಆಮೇಲೆ ಅದೇ ನಮ್ಮನ್ನು ಕಾಯುತ್ತದೆ! ಮೂರನೇ ವರ್ಷದ ಸುಮಾರಿಗೆ ಕಾಯಿ ಶುರು. ಕೊಯ್ಲಾದ ಮೇಲೆ ಸವರಿದರೆ ಪೊದೆ ಒತ್ತಾಗುತ್ತದೆ.

ಮಡ್ಡಿ, ಗರಸು, ತುಸು ಸವುಳು ನೆಲಕ್ಕೂ ಕವಳಿ ಒಗ್ಗುತ್ತದೆ. ನೀರು ನಿಲ್ಲುವ ಜಾಗ ಮಾತ್ರ ಬೇಡ. ದೊಡ್ಡ ಕಾಯಿ ಬೇಕಿದ್ದವರಿಗೆ ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ, ಕೊಂಕಣ ಬೋಲ್ಡ್ ತಳಿಗಳಿವೆ. ಬಾಗಲಕೋಟೆಯಲ್ಲೇ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಸಸಿಯ ಬಗ್ಗೆ ಅಲ್ಲಿ ಕೇಳಿ ನೋಡಬಹುದು.

ಕಾಯಿ ಏನು ಮಾಡೋಣ?

ಮಾಗಿದ ಹಣ್ಣು ಎರಡು-ಮೂರು ದಿನಕ್ಕೆ ಮೆತ್ತಗಾಗುತ್ತದೆ. ದೂರದ ಪೇಟೆಗೆ ಕಳಿಸುವುದು ಕಷ್ಟ. ಹಾಗಾಗಿ ಬಲಿತ ಹಸಿರು ಕಾಯಿಯನ್ನೇ ಹರಿಯಬೇಕು. ಕೈಗೆ ಎಣ್ಣೆ ಹಚ್ಚಿಕೊಂಡರೆ ಹಾಲು ಅಂಟದು. ಸೀಳಿ, ಬೀಜ ತೆಗೆದು, ಉಪ್ಪು ನೀರಿನಲ್ಲಿಟ್ಟು ಉಪ್ಪಿನಕಾಯಿ ಹಾಕಿ. ಅರೆಮಾಗಿದ್ದರಲ್ಲಿ ಪೆಕ್ಟಿನ್ ಜಾಸ್ತಿ, ಜೆಲ್ಲಿ ಚೆನ್ನಾಗಿ ಗಟ್ಟಿಯಾಗುತ್ತದೆ. ರಬಕವಿ-ಬನಹಟ್ಟಿಯಂಥ ನೇಕಾರರ ಪೇಟೆ ಪಕ್ಕದಲ್ಲೇ ಇರುವಾಗ ರೊಟ್ಟಿಗೆ ನೆಂಚಿಕೊಳ್ಳುವ ಬಾಯಿಗೇನು ಬರ? ಆದರೆ ಮೊದಲು ಗಿರಾಕಿ ಗೊತ್ತುಮಾಡಿ, ಆಮೇಲೆ ಎಕರೆಗಟ್ಟಲೆ ಯೋಚಿಸಿ. ಬದುವಿಗಷ್ಟೇ ಹಾಕಿದರೆ ನಷ್ಟದ ಮಾತೇ ಇಲ್ಲ. ಕಾಯಿ ಮಾರದಿದ್ದರೂ ಬೇಲಿ ಉಳಿಯುತ್ತದೆ.

ಬೀಳಗಿ-ಮುಧೋಳ ತಾಲೂಕುಗಳ ಯಡಹಳ್ಳಿ ಕುರುಚಲು ಕಾಡನ್ನು ಚಿಂಕಾರಗಳಿಗಾಗಿ 2016ರಲ್ಲಿ ವನ್ಯಧಾಮ ಮಾಡಿದರು. ಅಲ್ಲಿಯ ಕಂಟಿಗೆ ಕಾನೂನಿನ ಕಾವಲಿದೆ. ನಮ್ಮ ಬದುವಿನ ಕಂಟಿಗೆ ನಾವೇ ಕಾವಲು. ಹಕ್ಕಿ, ಜೇನು, ಮಕ್ಕಳು ಮೂವರಿಗೂ ಅದರಲ್ಲಿ ಪಾಲಿದೆ. ಈ ಸಲ ಬದು ಸವರುವಾಗ ಕವಳಿ ಕಂಡರೆ ಕೊಡಲಿ ಒಂದು ಮಾರು ಆಚೆಗಿರಲಿ.